ಸುಂಕದ ಬೇಲಿ, ದಣಪೆಯ ಕಾವಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ಪತ್ರಗಳಲ್ಲಿ ಬಹುಪಾಲು ಆಮದು-ರಫ್ತು ಸುಂಕದ ಕುರಿತಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಸುಂಕದ ದರಗಳು ಪದೇ ಪದೇ ಬದಲಾಗುವ ಕಾಲವಿದು. ಇಲ್ಲಿ ಕೊಟ್ಟ ಪ್ರತಿ ದರವನ್ನೂ ಪಕ್ಕದಲ್ಲಿರುವ ತಾರೀಖಿನೊಂದಿಗೇ ಓದಿಕೊಳ್ಳಿ.

ಪ್ರಶ್ನೆ: ಹೊರದೇಶದ ಅಡಿಕೆಗೆ ಕೆ.ಜಿ.ಗೆ 351 ರೂ. ಕನಿಷ್ಠ ದರ, ಮೇಲೆ ನೂರಕ್ಕೆ ನೂರು ಸುಂಕ. ಆದರೂ ‘ಬರ್ಮಾ ಅಡಿಕೆ ಬಂತು’, ‘ಭೂತಾನ್ ಅಡಿಕೆ ಬಂತು’ ಎಂದು ಸುದ್ದಿಯಾದ ಮರುದಿನವೇ ಚಾಲಿ (ಬಿಸಿಲಿನಲ್ಲಿ ಒಣಗಿಸಿ ಸುಲಿದ ಹಣ್ಣಡಿಕೆ) ದರ ಇಳಿಯುತ್ತದೆ. ಸುಂಕವನ್ನು ಇನ್ನಷ್ಟು ಏರಿಸಿದರೆ ಆಗದೇ? (ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು)

ಉತ್ತರ: ಏರಿಸಲು ಜಾಗವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಅಡಿಕೆಗೆ ಒಪ್ಪಿಕೊಂಡ ಗರಿಷ್ಠ ಮಿತಿಯೇ ಶೇ. 100. ನಾವು ಆಗಲೇ ಅಲ್ಲಿದ್ದೇವೆ.

ಏರಿಸುವ ಅಗತ್ಯವೂ ಇಲ್ಲ, ಲೆಕ್ಕ ಹಾಕಿ ನೋಡಿ. 2023ರ ಫೆಬ್ರವರಿಯಿಂದ ಕನಿಷ್ಠ ಆಮದು ದರ (ಇದಕ್ಕಿಂತ ಕಡಿಮೆ ಬೆಲೆಗೆ ತರುವಂತಿಲ್ಲ) ಕೆ.ಜಿ.ಗೆ 351 ರೂ. ಅಷ್ಟೇ ಮೊತ್ತದ ಸುಂಕ ಕೂಡಿದರೆ 702 ರೂ., ಅಂದರೆ ಕ್ವಿಂಟಲಿಗೆ 70,200. ಅಡಿಕೆಯ ಸುಂಕವನ್ನು ಸರ್ಕಾರ ಆಗಾಗ ಪ್ರಕಟಿಸುವ ‘ಟ್ಯಾರಿಫ್ ವ್ಯಾಲ್ಯೂ’ (ಸುಂಕದ ಲೆಕ್ಕಕ್ಕೆಂದೇ ನಿಗದಿ ಮಾಡಿದ ಬೆಲೆ) ಮೇಲೆ ಹಾಕುವುದರಿಂದ ಅದು ಇದಕ್ಕೂ ಹೆಚ್ಚಾಗಬಹುದು. ಶಿರಸಿ, ಯಲ್ಲಾಪುರದ ಟೆಂಡರಿನಲ್ಲಿ ಚಾಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಪೂರ್ತಿ ಸುಂಕ ಕಟ್ಟಿ ಇಲ್ಲಿ ಅಡಿಕೆ ತಂದು ಮಾರಿದವನು ಕೈ ಸುಟ್ಟುಕೊಳ್ಳಬೇಕು. ಅಂದಮೇಲೆ ಬರುವ ಮಾಲು ಪೂರ್ತಿ ಸುಂಕ ಕಟ್ಟಿ ಬರುತ್ತಿಲ್ಲ. ತೋಟದ ಬೇಲಿ ಎಷ್ಟು ಎತ್ತರವಿದ್ದರೇನು, ದಣಪೆ (ಬೇಲಿಯ ಗೇಟು) ತೆರೆದಿದ್ದರೆ ದನ ಒಳಗೆ ಬಂದೇ ಬರುತ್ತದೆ. ಇಲ್ಲಿ ಅಂಥ ದಣಪೆಗಳು ನಾಲ್ಕು.

ಮೊದಲನೆಯದು ಶೂನ್ಯ ಸುಂಕದ ಒಪ್ಪಂದಗಳು. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಒಪ್ಪಂದದಡಿ ಬಾಂಗ್ಲಾದೇಶದಂಥ ಹಿಂದುಳಿದ ದೇಶಗಳಿಗೂ ರಿಯಾಯಿತಿ ಇದೆ. ಅಲ್ಲೇ ಬೆಳೆದದ್ದು ಎಂಬ ಮೂಲ ಪ್ರಮಾಣಪತ್ರ ತೋರಿಸಿದರೆ ಸುಂಕವಿಲ್ಲ. ಇಂಡೋನೇಷ್ಯಾದ ಅಡಿಕೆ ಕೊಲಂಬೊದಲ್ಲಿ ಚೀಲ ಬದಲಿಸಿಕೊಂಡು ‘ಶ್ರೀಲಂಕಾದ ಬೆಳೆ’ಯಾಗಿ ಬರುವುದು ಇಲ್ಲೇ. ಸುಂಕವೇ ಇಲ್ಲದ ಕಡೆ 351ರ ನಿಯಮಕ್ಕೂ ಹಲ್ಲಿಲ್ಲ. 200 ರೂ.ಗಳ ಮಾಲಿಗೆ 351ರ ಬಿಲ್ ಮಾಡಿಸುತ್ತಾರೆ, ಬ್ಯಾಂಕಿನ ಮೂಲಕ ಹೆಚ್ಚುವರಿ ಹೋದ ಹಣ ಹಿಂಬಾಗಿಲಿನಿಂದ ವಾಪಸಾಗುತ್ತದೆ.

ಎರಡನೆಯದು ಹೆಸರು ಬದಲಾವಣೆ. ಒಣ ಅಡಿಕೆ ಸುಂಕ ಪಟ್ಟಿಯ 0802 80 ಶೀರ್ಷಿಕೆಗೆ ಸೇರಿದ್ದು. ಅದನ್ನೇ ‘ಹುರಿದ ಅಡಿಕೆ’ ಎಂದು 2008 19 20ರ ಕೆಳಗೆ ತೋರಿಸಿದರೆ 351ರ ನಿಯಮ ಬಹುಕಾಲ ಅನ್ವಯಿಸುತ್ತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ಅದೇ ಕನಿಷ್ಠ ದರ ಹಾಕಿ ಈ ಕಂಡಿ ಮುಚ್ಚಿದರು. ತಡವಾಯಿತು, ಆದರೆ ಸರಿಯಾದ ಕೆಲಸ. ಮೂರನೆಯದು, ರಫ್ತಿಗೆಂದೇ ತರುವ ಘಟಕಗಳಿಗೆ ಮತ್ತು ವಿಶೇಷ ಆರ್ಥಿಕ ವಲಯಗಳಿಗೆ ಕೊಟ್ಟ ವಿನಾಯಿತಿ. ನಾಲ್ಕನೆಯದು ಮ್ಯಾನ್ಮಾರ್ ಗಡಿಯ ಕಳ್ಳಸಾಗಣೆ. ಅಲ್ಲಿ ಯಾವ ದರವೂ ಲೆಕ್ಕಕ್ಕಿಲ್ಲ.

ಆದ್ದರಿಂದ ನಿಮ್ಮ ಸಂಘಗಳು ದೆಹಲಿಗೆ ಹೋದಾಗ ‘ಸುಂಕ ಏರಿಸಿ’ ಎಂಬ ಮನವಿ ಬಿಟ್ಟು ‘ಮೂಲ ಪರಿಶೀಲಿಸಿ’ ಎಂದು ಕೇಳಬೇಕು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ, ಸರಕಿನ ಮೂಲದ ಕುರಿತ ನಿಯಮಗಳ ಪ್ರಕಾರ ಪ್ರಮಾಣಪತ್ರವೊಂದೇ ಸಾಲದು. ಮಾಲು ಎಲ್ಲಿ, ಹೇಗೆ ಉತ್ಪನ್ನವಾಯಿತು ಎಂಬ ದಾಖಲೆ ಆಮದುದಾರನ ಕೈಯಲ್ಲಿರಬೇಕು. ಕಸ್ಟಮ್ಸ್ ಕೇಳಿದಾಗ ಕೊಡದಿದ್ದರೆ ರಿಯಾಯಿತಿ ನಿರಾಕರಿಸಬಹುದು. ಅಸ್ತ್ರ ಇದೆ, ಪ್ರಯೋಗವಾಗಬೇಕು ಅಷ್ಟೆ.

ಭೂತಾನ್ ಸುದ್ದಿಗೆ ಮಾತ್ರ ಹೆದರಬೇಡಿ. 2022ರಲ್ಲಿ ಅನುಮತಿ ಕೊಟ್ಟದ್ದು ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ. ಹಸಿ ಎಂಬುದನ್ನು ಗಮನಿಸಿ. ನೂರು ಕೆ.ಜಿ. ಹಣ್ಣಡಿಕೆಗೆ ಚಾಲಿ ಬೀಳುವುದು 18–20 ಕೆ.ಜಿ., ಹಸಿರು ಕಾಯಿ ಬೇಯಿಸಿದರೆ ರಾಶಿ (ಕೆಂಪಡಿಕೆ) 12–13 ಕೆ.ಜಿ. ಎಂದು ನಿಮಗೇ ಗೊತ್ತು. ಆ ಲೆಕ್ಕದಲ್ಲಿ ಅದು ಹೆಚ್ಚೆಂದರೆ 3,400 ಟನ್ ಒಣ ಅಡಿಕೆ. ದೇಶದ ಉತ್ಪಾದನೆ 10 ಲಕ್ಷ ಟನ್ನಿಗೂ ಮೇಲೆ. ಇಷ್ಟು ಸಣ್ಣ ಪ್ರಮಾಣಕ್ಕೆ ಮಾರುಕಟ್ಟೆ ಕುಸಿಯಿತೆಂದರೆ, ಕುಸಿಯುವಂತೆ ಮಾಡಿದ್ದು ಅಡಿಕೆಯಲ್ಲ, ಸುದ್ದಿ. ಅಂಥ ವಾರ ಮಾಲು ಬಿಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಹಸಿಯೋ ಒಣಗಿದ್ದೋ? ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ ನಿಜವಾಗಿ ಬಂದಿದೆಯೋ, ಅಥವಾ ಬರೀ ವಾಟ್ಸ್ಆ್ಯಪ್ ಸಂದೇಶವೋ?

ಕಾಳುಮೆಣಸಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅದರ ಕನಿಷ್ಠ ಆಮದು ದರ 2017ರ ಡಿಸೆಂಬರ್‌ನಲ್ಲಿ ಹಾಕಿದ 500 ರೂ. ಜಗತ್ತಿನ ದರವೇ ಅದನ್ನು ದಾಟಿದ ವರ್ಷಗಳಲ್ಲಿ ಆ ನಿಯಮ ಇದ್ದೂ ಇಲ್ಲದಂತೆ.

ಪ್ರಶ್ನೆ: ಗಜನಿ ಭೂಮಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ವೆನಮಿ ಸಿಗಡಿ ಸಾಕುತ್ತೇವೆ. ಅಮೆರಿಕ ಸುಂಕ ಹಾಕಿದರೆ ಕಟ್ಟುವವರು ಅಮೆರಿಕದವರು ತಾನೇ? ನಮ್ಮ ಕೆರೆಯ ದಂಡೆಯಲ್ಲಿ ದರ ಯಾಕೆ ಬೀಳಬೇಕು? ದರ ಏರುವವರೆಗೆ ಸಿಗಡಿ ಹಿಡಿಯದೆ ಕಾಯಬಹುದೇ? (ಸಿಗಡಿ ಕೃಷಿಕರು, ಕುಮಟಾ)

ಉತ್ತರ: ಕಸ್ಟಮ್ಸ್ ಕೌಂಟರಿನಲ್ಲಿ ಹಣ ಕಟ್ಟುವವನು ಅಮೆರಿಕದ ಆಮದುದಾರ, ನಿಜ. ಆದರೆ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು, ಯಾರಿಗೆ ಬೇರೆ ದಾರಿ ಇದೆ ಎಂಬುದು. ಅವನಿಗೆ ಸಿಗಡಿ ಕೊಡಲು ಇಕ್ವೆಡಾರ್ ಇದೆ.

2025ರ ಆಗಸ್ಟ್ 7ರಂದು ಭಾರತದ ಮಾಲಿಗೆ ಶೇ. 25, ರಷ್ಯಾದ ತೈಲದ ನೆಪದಲ್ಲಿ ಆಗಸ್ಟ್ 27ರಂದು ಇನ್ನೂ 25 ಸೇರಿ ಒಟ್ಟು ಶೇ. 50 ಆಯಿತು. ಆಗ ಇಕ್ವೆಡಾರಿಗೆ ಶೇ. 15. ಇದಲ್ಲದೆ ನಮ್ಮ ಸಿಗಡಿಯ ಮೇಲೆ 2005ರಿಂದ ಡಂಪಿಂಗ್ ವಿರೋಧಿ ಸುಂಕ (ತೀರಾ ಅಗ್ಗಕ್ಕೆ ಮಾರುತ್ತಾರೆಂದು ಹಾಕುವುದು), 2024ರ ಕೊನೆಗೆ ಬಂದ ಸಬ್ಸಿಡಿ ಪ್ರತಿಸುಂಕ (ಸರ್ಕಾರದ ಸಬ್ಸಿಡಿಗೆ ಎದುರಾಗಿ ಹಾಕುವುದು, ಬಹುಪಾಲು ಕಂಪನಿಗಳಿಗೆ ಶೇ. 5.77) ಬೇರೆ ಇವೆ. ಈ ಹಳೆಯ ಎರಡು ಸುಂಕಗಳು ಯಾವ ರಾಜಕೀಯ ಮಾತುಕತೆಯಿಂದಲೂ ತಾವಾಗಿ ಹೋಗುವುದಿಲ್ಲ. ಅವುಗಳಿಗೆ ಅಲ್ಲಿನ ವಾಣಿಜ್ಯ ಇಲಾಖೆಯ ವಾರ್ಷಿಕ ಪರಿಶೀಲನೆಯೇ ಬೇಕು. ‘ಸುಂಕ ಇಳಿಯಿತು’ ಎಂಬ ಸುದ್ದಿ ಬಂದ ದಿನ ಯಾವ ಸುಂಕ ಇಳಿಯಿತು ಎಂದು ಕೇಳಿ.

2024–25ರಲ್ಲಿ ದೇಶದ ಮೀನುಗಾರಿಕಾ ಉತ್ಪನ್ನಗಳ ರಫ್ತು 62,408 ಕೋಟಿ ರೂ. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕೊಂಡದ್ದು ಅಮೆರಿಕ. ಅಷ್ಟು ದೊಡ್ಡ ಗಿರಾಕಿ ತಡೆದು ನಿಂತಾಗ ಶೀತಲ ಘಟಕಗಳಲ್ಲಿ ಮಾಲು ಉಳಿಯುತ್ತದೆ, ಘಟಕದವರು ಖರೀದಿ ದರ ಇಳಿಸುತ್ತಾರೆ, ಮಧ್ಯದ ಏಜೆಂಟ್ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಹೇಳುತ್ತಾನೆ. ಸರಪಳಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದವರು ನೀವು, ಯಾಕೆಂದರೆ ನಿಮ್ಮ ಮಾಲು ನೀರಿನಲ್ಲಿ ಜೀವಂತವಾಗಿದೆ, ದಿನವೂ ಮೇವು ತಿನ್ನುತ್ತದೆ.

ಕಾಯುವ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. ಕೆರೆಯಲ್ಲಿ ಎರಡು ಟನ್ ಸಿಗಡಿ ಇದೆ, ಒಂದೊಂದು ಸುಮಾರು 20 ಗ್ರಾಂ, ಅಂದರೆ 50 ಕೌಂಟ್ (ಕೆ.ಜಿ.ಗೆ 50 ಸಿಗಡಿ) ಎಂದುಕೊಳ್ಳಿ. ದೇಹತೂಕದ ಶೇ. 2.5ರಷ್ಟು ಮೇವು ಹಿಡಿದರೂ ದಿನಕ್ಕೆ 50 ಕೆ.ಜಿ., ಹತ್ತು ದಿನಕ್ಕೆ 500 ಕೆ.ಜಿ. ಒಂದೂವರೆ ಕೆ.ಜಿ. ಮೇವಿಗೆ ಒಂದು ಕೆ.ಜಿ. ಬೆಳವಣಿಗೆ ಎಂದರೆ ಸಿಗುವುದು 330 ಕೆ.ಜಿ. ಹೆಚ್ಚುವರಿ ಸಿಗಡಿ. 500 ಕೆ.ಜಿ. ಮೇವಿನ ದುಡ್ಡು, ಏರೇಟರಿನ ಕರೆಂಟು ಒಂದು ಕಡೆ, 330 ಕೆ.ಜಿ.ಯ ಬೆಲೆ ಮತ್ತು ಕೌಂಟ್ ಸುಧಾರಿಸಿದ್ದರ ಲಾಭ ಇನ್ನೊಂದು ಕಡೆ. ಸಾಮಾನ್ಯ ಕಾಲದಲ್ಲಿ ಈ ತಕ್ಕಡಿ ನಿಮ್ಮ ಕಡೆ ವಾಲುತ್ತದೆ. ಆದರೆ ಅಮೆರಿಕ ಕೇಳುವುದು ದೊಡ್ಡ ಗಾತ್ರವನ್ನೇ, ಆದ್ದರಿಂದ ಅಲ್ಲಿ ತಡೆ ಬಿದ್ದಾಗ ಮೊದಲು ಪೆಟ್ಟು ತಿನ್ನುವುದು 30–40 ಕೌಂಟ್. ಬೆಳೆಸಿ ಬೆಳೆಸಿ ನೀವು ಅದೇ ಹೊಂಡಕ್ಕೆ ಇಳಿಯುತ್ತೀರಿ. ಮೇಲಾಗಿ ಬಿಳಿಚುಕ್ಕೆ ರೋಗದ ಭಯ. ಜೂನ್ ಮೊದಲ ಮಳೆಗೆ ಅಘನಾಶಿನಿಯ ನೀರಿನ ಉಪ್ಪಿನಂಶ ಒಮ್ಮೆಲೇ ಇಳಿದರೆ ಸಿಗಡಿ ಪೊರೆ ಬಿಡುವಾಗ ಮೆತ್ತಗಾಗಿ ಸಾಯುತ್ತದೆ. ಮಳೆಗೆ ಮೂರು ವಾರ ಇರುವಾಗ ದರಕ್ಕಾಗಿ ಕಾಯುವುದು ಜೂಜು. ಮೂರನೇ ಒಂದು ಪಾಲು ಮೊದಲು ಹಿಡಿದು, ಸಾಂದ್ರತೆ ಇಳಿಸಿ, ಉಳಿದದ್ದನ್ನು ಬೆಳೆಸುವುದು ಜಾಣತನ.

ಮುಂದಿನ ಬೆಳೆಗೆ ಒಂದು ಕೆಲಸ ಈಗಲೇ ಮಾಡಿ: ಕಾಗದಪತ್ರ. ಅಮೆರಿಕದಿಂದ ತಿರುಗಿದ ಮಾಲು ಯುರೋಪಿಗೆ ಹೋಗಬೇಕಾದರೆ ಕರಾವಳಿ ಜಲಕೃಷಿ ಪ್ರಾಧಿಕಾರದ ನೋಂದಣಿ, ಎಂಪೆಡಾದಲ್ಲಿ (ಸಾಗರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ) ಫಾರ್ಮ್ ದಾಖಲಾತಿ, ಮರಿ ತಂದ ಹ್ಯಾಚರಿಯ ಬಿಲ್, ಮೇವಿನ ಬಿಲ್, ಹಿಡಿಯುವ ಮುಂಚಿನ ಆ್ಯಂಟಿಬಯಾಟಿಕ್ ಪರೀಕ್ಷೆಯ ಪ್ರಮಾಣಪತ್ರ ಎಲ್ಲ ಬೇಕು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅಂಶ ಸಿಕ್ಕರೆ ಇಡೀ ಕಂಟೇನರ್ ವಾಪಸ್. ‘ಪ್ರೋಬಯಾಟಿಕ್’ ಎಂದು ಲೇಬಲ್ ಇಲ್ಲದೆ ಮಾರುವ ಪುಡಿಗಳನ್ನು ಕೆರೆಗೆ ಹಾಕಿ ಆಮೇಲೆ ಆಶ್ಚರ್ಯಪಡುವವರು ಕಡಿಮೆಯಿಲ್ಲ.

ಪ್ರಶ್ನೆ: ಕಡಲಿನಲ್ಲಿ ಗೋರುಬಲೆ ಎಳೆದು ಹಿಡಿದ ಶೆಟ್ಲಿಯನ್ನು (ಸಿಗಡಿ) ಅಮೆರಿಕ ಸುಂಕಕ್ಕಿಂತ ಮುಂಚೆಯೇ ನಿಲ್ಲಿಸಿದೆಯಂತೆ, ಆಮೆಯ ಕಾರಣ ಹೇಳಿ. ಇದೂ ವ್ಯಾಪಾರ ತಡೆಯುವ ಉಪಾಯವೇ? (ಟ್ರಾಲ್ ಬೋಟ್ ಮಾಲೀಕರು, ಕಾರವಾರ)

ಉತ್ತರ: ಅರ್ಧ ಹೌದು, ಅರ್ಧ ಅಲ್ಲ. ಕಡಲಾಮೆ ಬಲೆಗೆ ಸಿಕ್ಕಿ ಸಾಯದಂತೆ ಸಾಧನ ಅಳವಡಿಸದ ದೇಶಗಳ ಸಿಗಡಿ ಬೇಡ ಎಂಬ ಕಾನೂನು ಅಲ್ಲಿ 1989ರಿಂದಲೂ ಇದೆ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ಇದರ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. 1998ರ ಮೇಲ್ಮನವಿ ತೀರ್ಪು ಸ್ವಾರಸ್ಯಕರ: ಆಮೆ ಉಳಿಸುವ ಉದ್ದೇಶ ಸರಿ, ದೇಶ ದೇಶಗಳ ನಡುವೆ ತಾರತಮ್ಯ ಮಾಡಿದ ರೀತಿ ತಪ್ಪು. ಅಮೆರಿಕ ರೀತಿಯನ್ನು ತಿದ್ದಿಕೊಂಡಿತು, ಕಾನೂನು ಉಳಿಯಿತು. 2018ರಿಂದ ನಮ್ಮ ಕಡಲಿನ ಟ್ರಾಲ್ ಸಿಗಡಿಗೆ ಅಲ್ಲಿ ಬಾಗಿಲು ಮುಚ್ಚಿದೆ. ಸಾಕಿದ ಸಿಗಡಿಗೆ ಈ ತಡೆ ಇಲ್ಲ, ಪ್ರತಿ ಕಂಟೇನರಿನೊಂದಿಗೆ ಡಿಎಸ್-2031 ಎಂಬ ಘೋಷಣಾ ಪತ್ರ ಇದ್ದರೆ ಸಾಕು.

ಸಾಧನ ಸರಳವಾದದ್ದೇ. ಬಲೆಯ ಕೊಳವೆ ಮುಗಿದು ತುದಿಯ ಚೀಲ ಶುರುವಾಗುವಲ್ಲಿ ಲೋಹದ ಒಂದು ಸರಳುಚೌಕಟ್ಟನ್ನು ಓರೆಯಾಗಿ ಹೊಲಿಯುತ್ತಾರೆ. ಸರಳುಗಳ ನಡುವೆ ಹೆಚ್ಚೆಂದರೆ 4 ಇಂಚು ಅಂತರ. ಶೆಟ್ಲಿ ಸಂದಿಯಲ್ಲಿ ನುಸುಳಿ ಚೀಲ ಸೇರುತ್ತದೆ, ಆಮೆ ಓರೆಯಲ್ಲಿ ಜಾರಿ ಮೇಲಿನ ಅಥವಾ ಕೆಳಗಿನ ಕಿಂಡಿಯಿಂದ ಹೊರಬೀಳುತ್ತದೆ. ಕೆಡುವುದು ಬಹುತೇಕ ಓರೆಯಲ್ಲಿ. ಅದು 30ರಿಂದ 55 ಡಿಗ್ರಿಯೊಳಗೆ ಇರಬೇಕು. 55 ದಾಟಿದರೆ ಕಸ, ಪಾಚಿ, ಪ್ಲಾಸ್ಟಿಕ್ ಸರಳಿಗೆ ಕಚ್ಚಿ ಕುಳಿತು ಆಮೆಗೂ ದಾರಿಯಿಲ್ಲ, ಶೆಟ್ಲಿಗೂ ಇಲ್ಲ. 30ಕ್ಕಿಂತ ಇಳಿದರೆ ಕಿಂಡಿಯ ಮುಚ್ಚಳ ಸಡಿಲವಾಗಿ ಹಿಡಿದ ಶೆಟ್ಲಿಯೇ ಹೊರಗೆ ಹೋಗುತ್ತದೆ. ‘ಇದನ್ನು ಹಾಕಿದರೆ ಮೀನು ಸಿಗುವುದಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ದಡದಲ್ಲಿ ಒಣ ಬಲೆಯಲ್ಲಿ ಅಳೆದದ್ದು ಸಾಲದು. ನೆಂದ ಬಲೆ ಹಿಗ್ಗುತ್ತದೆ, ಕೆಲವು ಎಳೆತದ ನಂತರ ಮತ್ತೆ ಅಳೆಯಿರಿ. ಚೌಕಟ್ಟು ಭಾರಕ್ಕೆ ಕೆಳಗೆ ಜಗ್ಗದಂತೆ ಎರಡೂ ಬದಿಗೆ ತೇಲುಬುರುಡೆ ಕಟ್ಟಿ. ಆದರೆ ನಿಮ್ಮದೊಂದೇ ಬೋಟ್ ಹಾಕಿದರೆ ಅಮೆರಿಕದ ಬಾಗಿಲು ತೆರೆಯದು. ಪ್ರಮಾಣೀಕರಣ ಸಿಗುವುದು ಇಡೀ ದೇಶದ ವ್ಯವಸ್ಥೆಗೆ.

ಪ್ರಶ್ನೆ: ತಾಳೆ ಎಣ್ಣೆಯ ಸುಂಕ ಇಳಿಸಿದರು ಎಂದು ಓದಿದೆ. ಶೇ. 10 ಅನ್ನುತ್ತಾರೆ, ಶೇ. 16.5 ಅನ್ನುತ್ತಾರೆ, ಯಾವುದು ಸರಿ? (ಗೃಹಿಣಿ, ಅಂಕೋಲಾ)

ಉತ್ತರ: ಎರಡೂ ಸರಿ. 2025ರ ಮೇ ಕೊನೆಗೆ ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕ 20ರಿಂದ 10ಕ್ಕೆ ಇಳಿಯಿತು. ಅದಕ್ಕೆ ಕೃಷಿ ಮೂಲಸೌಕರ್ಯ ಸೆಸ್ 5 ಸೇರಿ 15, ಆ 15ರ ಮೇಲೆ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಮೇಲ್ತೆರಿಗೆ 1.5, ಒಟ್ಟು 16.5. ಮೊದಲು ಇದೇ ಲೆಕ್ಕದಲ್ಲಿ 27.5 ಇತ್ತು. ಶುದ್ಧೀಕರಿಸಿದ ಎಣ್ಣೆಗೆ 35.75 ಹಾಗೆಯೇ ಉಳಿಯಿತು. ಇಲ್ಲಿನ ಶುದ್ಧೀಕರಣ ಘಟಕಗಳಿಗೆ ಕೆಲಸ ಉಳಿಯಲಿ ಎಂದು ಬೇಕೆಂದೇ ಇಟ್ಟ ಅಂತರವದು. ಅಂಗಡಿಯ ದರ ಮಾತ್ರ ಸುಂಕದೊಂದಿಗೇ ಇಳಿಯದು, ಹಳೆ ದರದಲ್ಲಿ ತಂದ ಮಾಲು ಮುಗಿಯುವವರೆಗೆ ಕಾಯಬೇಕು. ಇನ್ನು ನಮ್ಮ ಸುಂಕ ಸೊನ್ನೆಯಾದರೂ ಬೆಲೆ ಜಿಗಿಯಬಹುದು: 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ತನ್ನ ಜನರಿಗೆ ಎಣ್ಣೆ ಸಾಲದೆಂದು ರಫ್ತನ್ನೇ ನಿಲ್ಲಿಸಿ, ಮೇ 23ರವರೆಗೆ ಬಿಡಲಿಲ್ಲ.

ಪ್ರಶ್ನೆ: ಬೇಲೆಕೇರಿ, ಕಾರವಾರ ಬಂದರುಗಳಿಂದ ಕಬ್ಬಿಣದ ಅದಿರು ರಫ್ತು ನಿಲ್ಲಿಸಿದ್ದೂ ಇದೇ ಬಗೆಯ, ದೇಶದ ಉದ್ಯಮ ಕಾಯುವ ಕ್ರಮವೇ? (ಓದುಗರು, ಅಂಕೋಲಾ)

ಉತ್ತರ: ಅಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ತಡೆದದ್ದು ಅಕ್ರಮ ಗಣಿಗಾರಿಕೆಯ ಕಾರಣಕ್ಕೆ. ಸುಪ್ರೀಂ ಕೋರ್ಟ್ ರಫ್ತಿನ ನಿರ್ಬಂಧ ಸಡಿಲಿಸಿದ್ದು 2022ರ ಮೇ ತಿಂಗಳಲ್ಲಿ. ತಮಾಷೆಯೆಂದರೆ ಅದೇ ತಿಂಗಳು ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ದೇಶದ ಉಕ್ಕು ಅಗ್ಗವಾಗಲೆಂದು. ಅದು ಮಾತ್ರ ಅಪ್ಪಟ ಸಂರಕ್ಷಣೆ. ನವೆಂಬರ್‌ನಲ್ಲಿ ಹಿಂತೆಗೆದುಕೊಂಡರು.

ಪ್ರಶ್ನೆ: ಗೋಡಂಬಿ ಕಾರ್ಖಾನೆಗೆ ಆಫ್ರಿಕಾದ ಬೀಜ ಬಾರದಂತೆ ತಡೆದರೆ ನಮ್ಮ ಬೆಟ್ಟದ ಗೇರುಬೀಜಕ್ಕೆ ಒಳ್ಳೆಯ ದರ ಬರುತ್ತದಲ್ಲ? (ಗೇರು ಬೆಳೆಗಾರರು, ಹೊನ್ನಾವರ)

ಉತ್ತರ: ಒಂದು ಹಂಗಾಮು ಬರಬಹುದು. ಆಮೇಲೆ ಕಾರ್ಖಾನೆಯೇ ಮುಚ್ಚಿದರೆ ಕೊಳ್ಳುವವರು ಯಾರು? ಕುಮಟಾ, ಅಂಕೋಲಾದ ಕಡೆಯ ಘಟಕಗಳು ಸ್ಥಳೀಯ ಬೀಜದಲ್ಲಿ ವರ್ಷವಿಡೀ ನಡೆಯುವುದಿಲ್ಲ, ಹೆಂಗಸರ ಕೂಲಿ ನಡೆಯುವುದು ಹೊರಗಿನ ಬೀಜದಿಂದ. ಅದಕ್ಕೇ ಕಚ್ಚಾ ಬೀಜದ ಸುಂಕ ಶೇ. 2.5ಕ್ಕೆ ಇಳಿಸಿ, ಸಿದ್ಧ ಗೋಡಂಬಿಯ ಸುಂಕವನ್ನು 2019ರಲ್ಲಿ ಶೇ. 70ಕ್ಕೆ ಏರಿಸಿದರು, ಇಡಿ ಗೋಡಂಬಿಗೆ 720, ತುಂಡಿಗೆ 680 ರೂ. ಕನಿಷ್ಠ ಆಮದು ದರ ಹಾಕಿದರು. ಕಚ್ಚಾ ಮಾಲಿಗೆ ಕಡಿಮೆ, ಸಿದ್ಧ ಮಾಲಿಗೆ ಹೆಚ್ಚು: ಸುಂಕ ಹಾಕುವ ರೀತಿಯೇ ಇದು, ನಮ್ಮ ಅಭಿಪ್ರಾಯದಲ್ಲಿ ಸರಿಯಾದ ರೀತಿ. ಆದರೆ ಆಫ್ರಿಕಾದ ದೇಶಗಳೂ ಈಗ ಇದೇ ಲೆಕ್ಕ ಹಾಕುತ್ತಿವೆ. ತಮ್ಮಲ್ಲೇ ಸುಲಿಯಬೇಕೆಂದು ಬೆನಿನ್ 2024ರಿಂದ ಕಚ್ಚಾ ಬೀಜದ ರಫ್ತು ನಿಲ್ಲಿಸುವ ನಿರ್ಧಾರ ಮಾಡಿತು.

ನಿಮಗೆ ದರ ಬೇಕಾದರೆ ಔಟ್‌ಟರ್ನ್ ನೋಡಿ. 80 ಕೆ.ಜಿ. ಚೀಲಕ್ಕೆ 48 ಪೌಂಡ್ ತಿರುಳು, ಅಂದರೆ ಸುಮಾರು ಶೇ. 27, ಒಳ್ಳೆಯ ಬೀಜ. ಉದುರಿದ ಹಣ್ಣಿನ ಬೀಜವನ್ನಷ್ಟೇ ಆರಿಸಿ, ಎರಡು ಮೂರು ದಿನ ಬಿಸಿಲಿಗೆ ಹಾಕಿ ತೇವ ಶೇ. 8–10ಕ್ಕೆ ತಂದರೆ ಆಮದು ಬೀಜದೊಂದಿಗೆ ನಿಂತು ಚೌಕಾಸಿ ಮಾಡಬಹುದು. ಕೊಕ್ಕೆ ಹಾಕಿ ಎಳೆದ ಎಳೆ ಬೀಜ ಬೆರೆಸಿದರೆ ಇಡೀ ಚೀಲದ ದರ ಹೋಗುತ್ತದೆ.

ಪ್ರಶ್ನೆ: ಜಾಗತೀಕರಣ ಮುಗಿಯಿತು ಎಂದು ಪರೀಕ್ಷೆಯಲ್ಲಿ ಬರೆಯಬಹುದೇ? (ಬಿ.ಕಾಂ. ವಿದ್ಯಾರ್ಥಿನಿ, ಶಿರಸಿ)

ಉತ್ತರ: ಬರೆಯಬೇಡಿ. ಮುಗಿದದ್ದು ಎಲ್ಲರಿಗೂ ಒಂದೇ ನಿಯಮ ಎಂಬ ಕಾಲ. 1995ರಲ್ಲಿ ಹುಟ್ಟಿದ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ, ಅಮೆರಿಕ ಹೊಸ ಸದಸ್ಯರ ನೇಮಕಕ್ಕೆ ಒಪ್ಪದ ಕಾರಣ, 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಮೇಲೆ ಹೇಳಿದ ಆಮೆ ತೀರ್ಪಿನಂಥದ್ದು ಇವತ್ತು ಸಿಗಲಾರದು. ಸೋತ ದೇಶವು, ಕೆಲಸ ನಿಂತ ಆ ಪೀಠಕ್ಕೆ ಮೇಲ್ಮನವಿ ಹಾಕಿ ಕಡತವನ್ನು ಅಲ್ಲೇ ಮಲಗಿಸುತ್ತದೆ. ಆ ಜಾಗಕ್ಕೆ ಇಬ್ಬಿಬ್ಬರ ಒಪ್ಪಂದಗಳು ಬಂದಿವೆ. 2019ರ ನವೆಂಬರ್‌ನಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸೆಪ್ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಬಂದ ಭಾರತವೇ ಯುಎಇಯೊಂದಿಗೆ (2022ರ ಮೇ 1ರಿಂದ), ಆಸ್ಟ್ರೇಲಿಯಾದೊಂದಿಗೆ (2022ರ ಡಿಸೆಂಬರ್ 29ರಿಂದ), ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನೊಂದಿಗೆ (2025ರ ಅಕ್ಟೋಬರ್ 1ರಿಂದ) ಒಪ್ಪಂದ ಜಾರಿಗೆ ತಂದಿದೆ. ಬ್ರಿಟನ್ನಿನೊಂದಿಗೆ 2025ರ ಜುಲೈ 24ರಂದು ಸಹಿ ಬಿತ್ತು.

ಸರಕು ಓಡಾಡುತ್ತಲೇ ಇದೆ, ದಾರಿ ಸುತ್ತಾಗಿದೆ. ಚೀನಾದ ಬಿಡಿಭಾಗ ವಿಯೆಟ್ನಾಮಿನಲ್ಲಿ ಜೋಡಣೆಯಾಗಿ ಅಮೆರಿಕಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನ ಜಗಳವೆಲ್ಲ ಸುಂಕದ ದರಕ್ಕಿಂತ ‘ಇದು ಎಲ್ಲಿಯದು’ ಎಂಬುದರ ಮೇಲೆ. ಶಿರಸಿಯ ಅಡಿಕೆಯವರು ಈಗಾಗಲೇ ಆಡುತ್ತಿರುವ ಜಗಳವೇ. ಇನ್ನೊಂದು: ಗೋಡೆ ಎಲ್ಲ ಕಡೆ ಒಂದೇ ಗಟ್ಟಿಯಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕ ಕಾಫಿ, ಚಹಾ, ಬಾಳೆಹಣ್ಣು, ಮಸಾಲೆಗಳನ್ನು ತಾನು ಆ ವರ್ಷ ದೇಶವಾರು ಹಾಕಿದ್ದ ‘ಪರಸ್ಪರ ಸುಂಕ’ದಿಂದ ಕೈಬಿಟ್ಟಿತು. ತಾನು ಬೆಳೆಯದ, ತನ್ನ ಗ್ರಾಹಕ ದಿನವೂ ಕೊಳ್ಳುವ ಪದಾರ್ಥದ ಮೇಲೆ ಸುಂಕ ಬಹಳ ದಿನ ನಿಲ್ಲದು. ಸಿಗಡಿಗೆ ಆಗ ಆ ಅದೃಷ್ಟ ಸಿಗಲಿಲ್ಲ, ಮೆಕ್ಸಿಕೊ ಕೊಲ್ಲಿಯಲ್ಲಿ ಅವರದೇ ಮೀನುಗಾರರಿದ್ದಾರೆ.

ತಡೆ ಹಾಕಿದರೂ ವ್ಯಾಪಾರ ನಿಲ್ಲದು ಎಂಬುದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ‘ಕಾರ್ಟಾಜ್’ ಎಂಬ ಪರವಾನಗಿ ಇಲ್ಲದ ಹಡಗನ್ನು ಈ ಕರಾವಳಿಯಲ್ಲಿ ಹಿಡಿದು ಸುಲಿಗೆ ಮಾಡುತ್ತಿದ್ದರು. ಗೇರುಸೊಪ್ಪೆಯ ಮೆಣಸು ಆಗಲೂ ಯುರೋಪು ತಲುಪಿತು. ರಾಣಿ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ ಅವರೇ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಪ್ರತಿವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೆ. ಈಗ ಅದಕ್ಕೂ ಸುಂಕವಂತೆ? (ಓದುಗರು, ಸಿದ್ದಾಪುರ)

ಉತ್ತರ: 800 ಡಾಲರಿನೊಳಗಿನ ಪಾರ್ಸೆಲ್‌ಗೆ ಇದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅಂಚೆ ಇಲಾಖೆ ಅದಕ್ಕೆ ಮುಂಚೆ ಬುಕಿಂಗ್ ನಿಲ್ಲಿಸಿ, ಸುಂಕವನ್ನು ಇಲ್ಲೇ ಮುಂಗಡ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ ಅಕ್ಟೋಬರ್ 15ರಂದು ಮತ್ತೆ ಶುರುಮಾಡಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ 100 ಡಾಲರಿನೊಳಗಿನ ಉಡುಗೊರೆಗೆ ಸುಂಕವಿಲ್ಲ. ಬೆಲೆಯ ಕಲಂನಲ್ಲಿ ಸೊನ್ನೆ ಬರೆಯಬೇಡಿ, ಅಂಥವೇ ಪರಿಶೀಲನೆಗೆ ಸಿಕ್ಕಿಬೀಳುವುದು. ನಿಜವಾದ ಬೆಲೆ ಬರೆದು ಉಡುಗೊರೆ ಎಂದು ಗುರುತು ಹಾಕಿ. ಒಳಗಿರುವುದನ್ನು ‘ಆಹಾರ’ ಎಂದಷ್ಟೇ ಬರೆಯದೆ ‘ಮನೆಯಲ್ಲಿ ಮಾಡಿದ ಮಾವಿನಮಿಡಿ ಉಪ್ಪಿನಕಾಯಿ’ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಮನೆಯಲ್ಲಿ ಮಾಡಿ ಸ್ವಂತದವರಿಗೆ ಕಳಿಸುವ ತಿನಿಸಿಗೆ ಅಲ್ಲಿನ ಆಹಾರ ಇಲಾಖೆಯ ಪೂರ್ವಸೂಚನೆ ಬೇಡ, ಅಂಗಡಿಯಲ್ಲಿ ಕೊಂಡ ಬಾಟಲಿಗೆ ಬೇಕು. ರಸ ಸೋರಿದ ಪಾರ್ಸೆಲನ್ನು ಯಾವ ಕಾಗದವೂ ಉಳಿಸದು: ಗಾಜಿನ ಭರಣಿ ಬಿಟ್ಟು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಾಯಿಯ ಕೆಳಗೆ ಎರಡು ಬೆರಳು ಜಾಗ ಬಿಡಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಚೀಲಗಳೊಳಗೆ ಸೀಲ್ ಮಾಡಿಸಿ.